ಬೊಗಳಲ್ಲ ಅಂತ ನಾಯಿ ವಾಪಸ್ಸಂತೆ!

ಇವತ್ತು ಬೆಳಗ್ಗೆ ನಮ್ಮ ನಾಯಿ ಚಿನ್ನಿಗೆ ವರ್ಷದ ರೇಬೀಸ್ ಚುಚ್ಚುಮದ್ದು ಹಾಕಿಸಲು ಶಿವಮೊಗ್ಗಕ್ಕೆ ಹೋಗಿದ್ದೆ. ಪಶು ಆಸ್ಪತ್ರೆಯಲ್ಲಿ ಪಕ್ಕಕ್ಕೆ ಒಬ್ಬರು ಕೂತಿದ್ದರು. ಅವರ ಕಾಲ ಹತ್ತಿರ ಒಂದು ಕಂದು ನಾಯಿ. ಮುಖ ಪೂರ್ತಿ ಬೆಂಚಿನ ಕೆಳಗೆ, ಹೊರಗೆ ಕಾಣ್ತಿದ್ದ ಬೆನ್ನು ಸಣ್ಣಗೆ ನಡುಗುತ್ತಿತ್ತು. ತಂದು ಹನ್ನೊಂದು ದಿನವಂತೆ.

"ಬೊಗಳೋದೇ ಇಲ್ಲ ಮಾರಾಯ್ರೆ. ಅಂಗಳದಲ್ಲಿ ಅಡಿಕೆ ಒಣಗ್ತಿದೆ, ರಾತ್ರಿ ಕಾಯುತ್ತೆ ಅಂತ ತಂದ್ರೆ ಇದೇ ಮೂಲೆ ಸೇರುತ್ತೆ. ಕೊಟ್ಟವರಿಗೇ ವಾಪಸ್ ಕೊಡ್ತೀನಿ. ಅವರು ಬೇಡ ಅಂದ್ರೆ ಎಲ್ಲಾದ್ರೂ ಬಿಡೋದು."

ಎಲ್ಲಾದ್ರೂ ಬಿಡೋದಂತೆ! ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ. ಆದರೂ ಸುಮ್ನಿದ್ದೆ, ಯಾಕಂದ್ರೆ ಚಿನ್ನಿ ನನ್ನ ಸೆರಗಿನೊಳಗೆ ಮೂತಿ ಇಟ್ಟಿದ್ದಳು. ಆ ಸಿಟ್ಟೆಲ್ಲ ಈಗ ಇಲ್ಲಿ.

ಹನ್ನೊಂದು ದಿನಕ್ಕೆ ಏನಾಗುತ್ತೆ? ಹೋದ ವರ್ಷ ಆಷಾಢದ ಮಳೆಯಲ್ಲಿ ಮಂಡಗದ್ದೆ ಬಸ್ ಸ್ಟಾಪಿನಿಂದ ಇವಳನ್ನು ತಂದಾಗ ಹನ್ನೊಂದು ದಿನ ನಾನು ನೋಡಿದ್ದು ಬರೀ ಬಾಲ. ಮಂಚದ ಕೆಳಗೇ ವಾಸ. ಕುಕ್ಕರ್ ಕೂಗಿದರೆ ಅಲ್ಲೇ ಉಚ್ಚೆ. ನಾವೆಲ್ಲ ಮಲಗಿದ ಮೇಲೆ, ರಾತ್ರಿ ಎರಡು ಗಂಟೆಗೆ, ಸಿಮೆಂಟ್ ನೆಲದ ಮೇಲೆ ತಟ್ಟೆ ಚರ್ ಚರ್ ಅಂತ ಸರಿಯೋದು ಕೇಳಿಸ್ತಿತ್ತು. ಆ ಸದ್ದು ಕೇಳಿದ ಮೇಲೇ ನನಗೆ ನಿದ್ದೆ. ಮಾತಾಡಿಸಬಾರದು, ಕಣ್ಣಲ್ಲಿ ಕಣ್ಣಿಡಬಾರದು. ದಿನಾ ಅವಳಿಗೆ ಬೆನ್ನು ಹಾಕಿ ಕೂತು ಪೇಪರ್ ಓದಿದೆ. ಮೈ ಮುಟ್ಟಿಸಿಕೊಳ್ಳೋಕೆ ಮೂರು ತಿಂಗಳು ಬೇಕಾಯ್ತು. ಆಮೇಲೇ ಕಿವಿಯೊಳಗಿನ ಉಣುಗು ಒಂದೊಂದೇ ಕಿತ್ತಿದ್ದು, ಆಮೇಲೇ ಮೊದಲ ಚುಚ್ಚುಮದ್ದು. 1957ರಲ್ಲಿ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬದ ಕ್ಯಾಸನೂರಿನಲ್ಲಿ. ಉಣುಗು ಅಂದ್ರೆ ಏನು ಅಂತ ಈ ಜಿಲ್ಲೆಯವರಿಗೆ ಯಾರಾದ್ರೂ ಹೇಳಿಕೊಡಬೇಕಾ? ಕಾಡಿಗೆ ಹೋಗಿ ಬಂದ ನಾಯಿಯ ಮೈ ನೋಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

"ಹಳ್ಳಿ ನಾಯಿಗಳಿಗೆ ಇದೆಲ್ಲ ಯಾರು ಮಾಡ್ತಿದ್ರು? ಉಳಿದ ಅನ್ನ ತಿಂದು ಬದುಕಲಿಲ್ವಾ?" ಅಂತ ಕೆಳಗೆ ಬರೆಯೋಕೆ ನಮ್ಮ ದೊಡ್ಡಪ್ಪನ ಮಕ್ಕಳು ಕಾದಿರ್ತೀರಿ. ಬದುಕಲಿಲ್ಲ ಕಣ್ರೋ. ಕೆಲವನ್ನು ಚಿರತೆ ಹೊತ್ತುಕೊಂಡು ಹೋಯ್ತು, ಕೆಲವು ಹುಚ್ಚು ಹಿಡಿದು ಸತ್ತವು, ಮರಿಗಳಂತೂ ಮಳೆಗಾಲ ದಾಟಲಿಲ್ಲ. ಸತ್ತದ್ದರ ಲೆಕ್ಕ ನಾವಿಡಲಿಲ್ಲ, ಅಷ್ಟೇ.

ಲೆಕ್ಕ ಅಂದ್ರೆ ನಂದೂ ಒಂದಿದೆ. ಏಳನೇ ಕ್ಲಾಸಿನಲ್ಲಿದ್ದಾಗ ಮನೆ ನಾಯಿಯ ನಾಲ್ಕು ಮರಿಗಳನ್ನು ಅಪ್ಪ ಗೋಣಿಚೀಲದಲ್ಲಿ ಹಾಕಿಕೊಂಡು ಹೊಳೆಯಾಚೆ ಬಿಟ್ಟು ಬಂದರು. ಟಾರ್ಚ್ ಹಿಡಿದಿದ್ದು ನಾನು. ಎರಡೂ ದಾರಿ. ಅತ್ತಿರಲೂ ಇಲ್ಲ.

ಕಾನೂನಿದೆ ಅಂತೀರಾ? ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟುಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಯೂ ಬರಲ್ಲ.

ಅಲಾರಂ ಬೇಕಿದ್ರೆ ಅಲಾರಂ ತಗೊಳ್ಳಿ, ಕ್ಯಾಮೆರಾ ಹಾಕಿಸಿ. ನಾಯಿ ತಂದರೆ ಹತ್ತು ಹನ್ನೆರಡು ವರ್ಷದ ಸಂಸಾರ. ಮದುವೆ ಮನೆಗೆ ಹೊರಟರೂ ಇವಳಿಗೆ ಅನ್ನ ಹಾಕೋರು ಯಾರು ಅಂತ ಮೊದಲು ನೋಡಬೇಕು. ನಾನಂತೂ ಈ ವರ್ಷ ಎರಡು ಮದುವೆ ತಪ್ಪಿಸಿದೆ. (ಒಂದಕ್ಕೆ ಹೇಗೂ ಹೋಗೋ ಮನಸ್ಸಿರಲಿಲ್ಲ, ಅದು ಬೇರೆ ಮಾತು.)

ಆ ಕಂದು ನಾಯಿ ಏನಾಯ್ತು ಅಂತ ಕೇಳ್ತೀರಿ. ಡಾಕ್ಟರು ಮೂರು ತಿಂಗಳು ನೋಡಿ ಅಂದರು. ನಾಯಿ ತಂದವರು ಮುಖ ಸಿಂಡರಿಸಿಕೊಂಡೇ ಆಟೋ ಹತ್ತಿಸಿದರು. ನನ್ನ ನಂಬರ್ ಕೊಟ್ಟಿದ್ದೀನಿ. ಎಲ್ಲಾದ್ರೂ ಬಿಡೋ ಮುಂಚೆ ಒಂದು ಫೋನ್ ಮಾಡಿ ಅಂದೆ.

ಗೇಟಿನ ಹತ್ತಿರ ಯಾರೋ ಬಂದ ಹಾಗಿದೆ. ಚಿನ್ನಿ ಆಗಲೇ ಮಂಚದ ಕೆಳಗೆ. ಇರಿ, ನಾನೇ ಬೊಗಳಿ ಬರ್ತೀನಿ.