ಪರ-ವಿರೋಧ: ಸಾಕುನಾಯಿಗೆ ರಕ್ಷಣಾ ತರಬೇತಿ ಕೊಟ್ಟರೆ ತಳಿಯ ಹೆಸರು ಉಳಿಯುತ್ತದೆಯೇ?

ಪರ: ಕಲಿಸುವುದು ಬಿಡುವುದನ್ನು

ರಕ್ಷಣಾ ತರಬೇತಿ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಹಲ್ಲು ಕಿರಿದು ಹಾರುವ ನಾಯಿ. ತೋಳಿಗೆ ದಪ್ಪ ಸ್ಲೀವ್ ಹಾಕಿಕೊಂಡ ಒಬ್ಬ ಮನುಷ್ಯ, ಅದಕ್ಕೆ ಜೋತುಬಿದ್ದ ನಾಯಿ. ವಿಡಿಯೋ ಅಲ್ಲಿಗೇ ಮುಗಿಯುತ್ತದೆ. ಆದರೆ ನಿಜವಾದ ಪಾಠ ಇರುವುದು ಅದರ ನಂತರ. ಸಾಕಿದವರು ದೂರದಿಂದ ‘ಬಿಡು’ ಅನ್ನುತ್ತಾರೆ. ನಾಯಿ ಬಿಡಬೇಕು.

ನಾನು ಒಂಬತ್ತು ವರ್ಷದಿಂದ ಒಂದು ರಾಟ್‌ವೀಲರ್ ಸಾಕುತ್ತಿದ್ದೇನೆ. ಅವಳು ಯಾರಿಗೂ ಒಂದು ಗೀರು ಮಾಡಿದವಳಲ್ಲ. ಆದರೂ ಎದುರಿಗೆ ಬರುವವರು ರಸ್ತೆಯ ಆಚೆ ಬದಿಗೆ ಹೋಗುತ್ತಾರೆ, ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅವರದು ತಪ್ಪು ಅನ್ನಲಾರೆ. ಅವರು ನೋಡಿರುವುದು ಹಗಲೆಲ್ಲ ಕಟ್ಟಿಹಾಕಿ, ಕೆರಳಿಸಿ, ಯಾರ ಮಾತೂ ಕೇಳದಂತೆ ಬೆಳೆಸಿದ ನಾಯಿಗಳನ್ನು. ತಳಿಯ ಹೆಸರು ಕೆಡಿಸಿದ್ದು ಆ ಸಾಕಣೆ. ತರಬೇತಿ ಅಲ್ಲ.

ಶುಟ್ಸ್‌ಹುಂಡ್ ಎಂಬ ಪರೀಕ್ಷೆ ಹುಟ್ಟಿದ್ದು 20ನೇ ಶತಮಾನದ ಆರಂಭದ ಜರ್ಮನಿಯಲ್ಲಿ. ಜರ್ಮನ್ ಶೆಫರ್ಡ್ ನಾಯಿಗೆ ಗಟ್ಟಿ ಮನಸ್ಸು ಇದೆಯೇ ಎಂದು ನೋಡಿ, ಆಮೇಲೆ ಮರಿ ಮಾಡಿಸಲಿಕ್ಕೆ ಅದು ಬೇಕಿತ್ತು. ಈಗ ಅದರ ಹೆಸರು ಐಜಿಪಿ. ಜಾಡು ಹಿಡಿಯುವುದು, ಮಾತು ಕೇಳುವುದು, ರಕ್ಷಣೆ ಎಂದು ಮೂರು ಭಾಗ. ಒಂದೊಂದಕ್ಕೆ 100 ಅಂಕ. ಅಂದರೆ ಮೂರರಲ್ಲಿ ಎರಡು ಪಾಲು ಕಚ್ಚುವುದಕ್ಕೆ ಸಂಬಂಧವೇ ಇಲ್ಲ. ಇದಕ್ಕೂ ಮೊದಲು ಬಿಎಚ್ ಎಂಬ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಪಕ್ಕದಲ್ಲಿ ಸೈಕಲ್ ಹೋದರೂ, ಯಾರಾದರೂ ಓಡುತ್ತಾ ಹಾದುಹೋದರೂ ನಾಯಿ ಸುಮ್ಮನಿರಬೇಕು. ಸಾಕಿದವರು ಕಟ್ಟಿಹಾಕಿ ಮರೆಯಾದರೂ ಕಂಗಾಲಾಗಬಾರದು. ಇನ್ನು ರಕ್ಷಣೆಯ ಭಾಗದಲ್ಲಿ, ಅಡಗಿರುವ ಹೆಲ್ಪರ್ (ಸ್ಲೀವ್ ಹಾಕಿಕೊಂಡು ಎದುರಾಳಿಯ ಪಾತ್ರ ಮಾಡುವವರು) ಅಲುಗಾಡದೆ ನಿಂತಿದ್ದರೆ ನಾಯಿ ಬೊಗಳಬೇಕು, ಕಚ್ಚುವಂತಿಲ್ಲ. ಮೂರು ಸಲ ಹೇಳಿದರೂ ಹಿಡಿತ ಬಿಡದ ನಾಯಿಯನ್ನು ಪರೀಕ್ಷೆಯಿಂದಲೇ ಹೊರಗೆ ಹಾಕುತ್ತಾರೆ. ಕಚ್ಚಿಸುವುದು ಸುಲಭ. ಬಿಡಿಸುವುದೇ ಕಲಿಕೆ.

ನನ್ನವಳಿಗೆ ‘ಬಿಡು’ ಬರಲು ಏಳು ತಿಂಗಳು ಹಿಡಿಯಿತು. ತಪ್ಪು ನನ್ನ ಕೈಯಲ್ಲಿತ್ತು. ಅವಳು ಸ್ಲೀವ್ ಹಿಡಿದಾಗ ನಾನು ಬೆಲ್ಟ್ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದೆ. ಜಗ್ಗಿದಷ್ಟೂ ಅವಳ ಹಿಡಿತ ಬಿಗಿಯಾಗುತ್ತಿತ್ತು. ಹೆಲ್ಪರ್ ಹೇಳಿದರು, ‘ನೀವು ಸಡಿಲ ಬಿಡಿ, ನಾನು ಕಲ್ಲಿನ ಹಾಗೆ ನಿಲ್ಲುತ್ತೇನೆ.’ ಸ್ಲೀವ್ ಅಲುಗಾಡದಿದ್ದರೆ ಆಟ ಸತ್ತುಹೋಗುತ್ತದೆ. ಬಿಟ್ಟರೆ ಮತ್ತೆ ಶುರುವಾಗುತ್ತದೆ. ಇದು ಅವಳಿಗೆ ತಿಳಿದ ದಿನ ಎಲ್ಲ ಬದಲಾಯಿತು. ಮುಂದೆ ಒಂದು ಸಂಜೆ ಪಕ್ಕದ ಮನೆಯ ಮಗು ಓಡಿಬಂದು ಅವಳ ಬಾಯಲ್ಲಿದ್ದ ಹಗ್ಗವನ್ನೇ ಹಿಡಿದು ಎಳೆಯಿತು. ನನ್ನ ಎದೆ ಧಸಕ್ಕೆಂದಿತು. ಮೆಲ್ಲಗೆ ‘ಬಿಡು’ ಅಂದೆ. ಬಿಟ್ಟಳು. ಬಿಟ್ಟು ಕೂತು ನನ್ನ ಮುಖ ನೋಡಿದಳು. ಮಗುವಿನ ತಾಯಿ ಅದನ್ನೆಲ್ಲ ನೋಡುತ್ತಾ ನಿಂತಿದ್ದರು. ಅವರು ಈಗ ರಸ್ತೆ ದಾಟುವುದಿಲ್ಲ. ನಿಂತು ಮಾತಾಡಿಸಿ ಹೋಗುತ್ತಾರೆ.

ವಿರೋಧಿಸುವವರಿಗೆ ನಾಯಿ ಅಂದರೆ ಸೋಫಾ ಮೇಲೆ ಕೂರಿಸುವ ಬೊಂಬೆ. ಅರೆಬರೆ ತರಬೇತಿ ಅಪಾಯ ಅನ್ನುತ್ತಾರೆ. ಅರೆಬರೆ ಕಲಿತ ಡ್ರೈವರ್ ಕೂಡ ಅಪಾಯವೇ ಅಲ್ವಾ? ಅದಕ್ಕೆ ಡ್ರೈವಿಂಗ್ ಕಲಿಸುವುದನ್ನೇ ನಿಲ್ಲಿಸುತ್ತೇವೆಯೇ? ತಳಿ ನೋಡಿ ನಿಷೇಧಿಸುವ ದಾರಿಯನ್ನೂ ಜಗತ್ತು ನೋಡಿಯಾಗಿದೆ. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧ ತಂದಿತು. ಕಚ್ಚುವುದು ಕಡಿಮೆಯಾಗಲಿಲ್ಲ. 2008ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. 18,000ಕ್ಕೂ ಹೆಚ್ಚು ನಾಯಿಗಳ ಮೇಲೆ ನಡೆದು 2022ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ, ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಅಷ್ಟೇ ಎಂದು ಕಂಡುಬಂತು. ಉಳಿದಿದ್ದರಲ್ಲಿ ಬಹಳಷ್ಟು ನಮ್ಮ ಕೈಯಲ್ಲಿದೆ. ಆ ಕೈಯನ್ನು ಪಳಗಿಸುವ ಜಾಗ ತರಬೇತಿಯ ಮೈದಾನ.

ವಿರೋಧ: ಹೆಸರು ಉಳಿಸಿದ್ದು ಬೇರೆಯೇ ಕೆಲಸ

ಈ ಬದಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ನಾನು ಪೂರ್ತಿ ವಿರೋಧಿ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೊಲೀಸ್ ನಾಯಿಗೆ ಈ ತರಬೇತಿ ಬೇಕು. ತಾಳ್ಮೆಯಿಂದ ಕಲಿಸುವವರ ಮೇಲೆ ನನಗೆ ಗೌರವವಿದೆ. ಆದರೆ ಪ್ರಶ್ನೆ ಇರುವುದು ತಳಿಯ ಹೆಸರಿನದು. ನಾಯಿ ತನ್ನ ಸರ್ಟಿಫಿಕೇಟನ್ನು ಕೊರಳಿಗೆ ಕಟ್ಟಿಕೊಂಡು ಓಡಾಡುವುದಿಲ್ಲ. ಜನ ನೋಡುವುದು ಸ್ಲೀವ್ ಕಚ್ಚುವ ಚಿತ್ರವನ್ನು. ಅದೇ ಮನಸ್ಸಿನಲ್ಲಿ ಕೂರುತ್ತದೆ.

ಜರ್ಮನ್ ಶೆಫರ್ಡ್ ಕಥೆ ನೋಡಿ. ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ‘ಜರ್ಮನ್’ ಎಂಬ ಪದವೇ ಬೇಡವಾಗಿ ಅದನ್ನು ಅಲ್ಸೇಷಿಯನ್ ಎಂದು ಕರೆದರು. ಅಲ್ಲಿನ ಕೆನಲ್ ಕ್ಲಬ್ ಹಳೆಯ ಹೆಸರನ್ನು ಮತ್ತೆ ಒಪ್ಪಿದ್ದು 1977ರಲ್ಲಿ. ತೋಳದ ರಕ್ತ ಇದೆ ಎಂಬ ಭಯಕ್ಕೆ ಆಸ್ಟ್ರೇಲಿಯಾ ದಶಕಗಳ ಕಾಲ ಅದರ ಆಮದನ್ನೇ ನಿಲ್ಲಿಸಿತ್ತು. ಅಂಥ ನಾಯಿಗೆ ಒಳ್ಳೆಯ ಹೆಸರು ತಂದಿದ್ದು ಯಾವುದು? 1928ರಲ್ಲಿ ಬಡ್ಡಿ ಎಂಬ ಹೆಣ್ಣು ಶೆಫರ್ಡ್, ಕಣ್ಣು ಕಾಣದ ಮಾರಿಸ್ ಫ್ರಾಂಕ್ ಅವರನ್ನು ನ್ಯೂಯಾರ್ಕಿನ ಗಿಜಿಗುಡುವ ರಸ್ತೆ ದಾಟಿಸಿದಳು. ಪತ್ರಿಕೆಯವರು ನಿಂತು ನೋಡಿದರು. ಮುಂದಿನ ವರ್ಷ ಅಮೆರಿಕದಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಶುರುವಾಯಿತು. ಅಲ್ಲಿ ಯಾವ ಸ್ಲೀವ್ ಇತ್ತು?

ಇಷ್ಟು ಬರೆದ ಮೇಲೂ ನನ್ನ ಮನಸ್ಸು ಹೋಗುವುದು ಒಂದೇ ನಾಯಿಯ ಕಡೆಗೆ. ಮನೆ ಕಳೆದುಕೊಂಡ ನಾಯಿಗಳನ್ನು ಹೊಸ ಮನೆ ಸಿಗುವ ತನಕ ನಾನು ಇಟ್ಟುಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಮ್ಯಾಲಿನೋಯಿ ಎಂಬ ತಳಿಯ ಒಂದು ನಾಯಿ ಬಂದಿತು. ‘ತರಬೇತಿ ಆಗಿದೆ’ ಎಂದಷ್ಟೇ ಹೇಳಿ ಬಿಟ್ಟುಹೋದರು. ತುಂಬಾ ಪ್ರೀತಿಯ ನಾಯಿ. ಕಾಲ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಒಂದು ದಿನ ನನ್ನ ಅಣ್ಣ ಸ್ನಾನ ಮುಗಿಸಿ, ಟವೆಲನ್ನು ತೋಳಿಗೆ ಸುತ್ತಿಕೊಂಡು ಹೊರಗೆ ಬಂದ. ನಾಯಿಗೆ ಕಂಡಿದ್ದು ಸ್ಲೀವ್. ಹಾರಿ ಹಿಡಿಯಿತು. ನಾನು ‘ಬಿಡು, ಬಿಡು’ ಎಂದು ಕೂಗಿದೆ. ಗದರಿದೆ. ಬಿಡಲಿಲ್ಲ. ಕೊನೆಗೆ ಅಣ್ಣನೇ ಮೆಲ್ಲಗೆ ಕೈಯನ್ನು ಟವೆಲಿನಿಂದ ಜಾರಿಸಿಕೊಂಡ. ಟವೆಲ್ ದಪ್ಪವಿದ್ದದ್ದು ಪುಣ್ಯ. ಹಲ್ಲಿನ ಗುರುತು ಬಿತ್ತು, ಹೊಲಿಗೆ ಬೇಕಾಗಲಿಲ್ಲ.

ನಾಯಿಯನ್ನು ಬಿಟ್ಟುಹೋದವರಿಗೆ ಫೋನ್ ಮಾಡಿದೆ. ನಾಯಿಗೆ ಬಿಡುವುದು ಗೊತ್ತಿತ್ತು. ಆದರೆ ಕಲಿಸಿದ್ದು ಜರ್ಮನ್ ಪದದಲ್ಲಿ. ‘ಔಸ್’ ಅನ್ನಬೇಕಿತ್ತಂತೆ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಅವತ್ತು ಸಂಜೆ ಹಗ್ಗ ಕೊಟ್ಟು ‘ಔಸ್’ ಅಂದೆ. ತಕ್ಷಣ ಬಿಟ್ಟು ಬಾಲ ಅಲ್ಲಾಡಿಸಿತು. ಅದನ್ನು ನೋಡಲು ಬರಬೇಕಿದ್ದ ಎರಡು ಕುಟುಂಬಗಳು ಟವೆಲಿನ ವಿಷಯ ಕೇಳಿ ಬರಲೇ ಇಲ್ಲ. ಅದು ಈಗಲೂ ನನ್ನ ಜೊತೆಗೇ ಇದೆ. ಮನೆಗೆ ಬರುವವರಿಗೆ ಕಾಣಲಿ ಎಂದು ಆ ಪದವನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೇನೆ.