ಡ್ರೈವ್‌ವೇಗೆ ಕಲ್ಲಿನ ಅಚ್ಚು ಒತ್ಸೋಕೆ ಎಷ್ಟಾಗುತ್ತೆ ಅಂದ್ರೆ

ಹೋದ ಬೇಸಿಗೆಲಿ ನಮ್ಮನೆ ಮುಂದಿನ ಡ್ರೈವ್‌ವೇ (ರಸ್ತೆಯಿಂದ ಮನೆಗೆ ಕಾರು ಬಂದು ನಿಲ್ಲೋ ಜಾಗ) ಕಿತ್ತು ಹೊಸದು ಹಾಕಿಸಿದ್ವಿ. ಶಿಕಾಗೋದಿಂದ ಮುಕ್ಕಾಲು ಗಂಟೆ ದೂರ ನಾವಿರೋದು, ಮನೆ ತಗೊಂಡಾಗ ಇದ್ದಿದ್ದು ಹಳೇ ಡಾಂಬರು, ಅಲ್ಲಲ್ಲಿ ಕುಸಿದು ಮಳೆ ಬಂದ್ರೆ ಕಾರಿಂದ ಇಳಿಯೋದೇ ನೀರೊಳಕ್ಕೆ. ನನ್ನ ಹೆಂಡ್ತಿಗೆ ಎದುರು ಮನೆಯವ್ರ ಥರ ಸ್ಟ್ಯಾಂಪ್ಡ್ ಕಾಂಕ್ರೀಟ್ ಹಾಕಿಸ್ಬೇಕು ಅಂತ ಆಸೆ, ಅದೇ ಹಸಿ ಕಾಂಕ್ರೀಟ್ ಮೇಲೆ ರಬ್ಬರ್ ಅಚ್ಚು ಒತ್ತಿ, ಬಣ್ಣ ಕೊಟ್ಟು, ಚಪ್ಪಡಿ ಕಲ್ಲು ಹಾಸಿದ ಹಾಗೆ ಮಾಡ್ತಾರಲ್ಲ, ಅದು. ನನಗೂ ನೋಡೋಕೆ ಇಷ್ಟಾನೇ.

ನಮ್ಮದು 16 ಅಡಿ ಅಗಲ 40 ಅಡಿ ಉದ್ದ, 640 ಚದರಡಿ, ನಮ್ಮೂರ ಲೆಕ್ಕದಲ್ಲಿ ಆರೂವರೆ ಚದರಕ್ಕೆ ಸ್ವಲ್ಪ ಕಮ್ಮಿ. ಮೂರು ಜನ ಕಂಟ್ರಾಕ್ಟರ್ ಬಂದು ನೋಡಿದ್ರು. ಜಾರದಿರ್ಲಿ ಅಂತ ಮೇಲೆ ಬರೀ ಪೊರಕೆ ಎಳೆದ ಸಾದಾ ಕಾಂಕ್ರೀಟ್‌ಗೆ ಚದರಡಿಗೆ 9 ಡಾಲರ್, ಒಂದೇ ಬಣ್ಣ ಒಂದೇ ಅಚ್ಚು ಅಂದ್ರೆ 15, ಎರಡು ಬಣ್ಣ ಸುತ್ತ ಬೇರೆ ಡಿಸೈನಿನ ಬಾರ್ಡರ್ ಅಂದ್ರೆ 21. ಅಂದ್ರೆ 5,760, 9,600, 13,440. ಹಳೇ ಡಾಂಬರು ಕಿತ್ತು ಸಾಗಿಸೋಕೆ 1,400 ಬೇರೆ. ಅಪ್ಪಂಗೆ ಅರಸೀಕೆರೆಗೆ ವಿಡಿಯೋ ಕಾಲ್ ಮಾಡಿ ನಡುವಿನ ರೇಟ್ ಹೇಳಿದೆ. ಅವರು ಮನಸ್ಸಲ್ಲೇ ರೂಪಾಯಿ ಮಾಡ್ಕೊಂಡು, "ಎಂಟು ಲಕ್ಷಾನಾ? ಅಷ್ಟು ದುಡ್ಡಲ್ಲಿ ಇಲ್ಲಿ ಮಾಳಿಗೆ ಮೇಲೊಂದು ರೂಮು ಎಬ್ಬಿಸಬೋದಲ್ಲೋ, ಅದೂ ಕಲ್ಲಾದ್ರೂ ಅಲ್ಲ ಅಂತೀಯ" ಅಂದ್ರು.

ಡಾಲರನ್ನ ರೂಪಾಯಿಗೆ ತಿರುಗಿಸಿ ನೋಡೋದ್ರಲ್ಲಿ ಅರ್ಥ ಇಲ್ಲ ಅನ್ನೋದು ನಿಜ, ಆದ್ರೂ ಅಪ್ಪನ ಮಾತು ತಲೇಲಿ ಕೂತು ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಲೆಕ್ಕ ಹಾಕೋಕೆ ಶುರು ಮಾಡಿದೆ. 640 ಚದರಡಿಗೆ 5 ಇಂಚು ದಪ್ಪ ಅಂದ್ರೆ ಹತ್ತಿರ ಹತ್ತಿರ 10 ಕ್ಯೂಬಿಕ್ ಯಾರ್ಡ್ (ಒಂದು ಯಾರ್ಡ್ ಅಂದ್ರೆ 27 ಘನ ಅಡಿ) ಕಾಂಕ್ರೀಟ್, ಒಂದು ಲಾರಿ ಲೋಡು. ಯಾರ್ಡಿಗೆ 180 ಡಾಲರ್ ಅಂತ ಇಟ್ಕೊಂಡ್ರೂ 1,800. ಅಂದ್ರೆ 9,600ರಲ್ಲಿ ಕಾಂಕ್ರೀಟಿನ ದುಡ್ಡು ಐದರಲ್ಲಿ ಒಂದು ಪಾಲೂ ಇಲ್ಲ! ಉಳಿದದ್ದು ಅಗೆಯೋದು, ಜಲ್ಲಿ ಹಾಸಿ ದಮ್ಮಸ್ ಹೊಡೆಯೋದು, ಕಂಬಿ, ಬಣ್ಣ, ಅಚ್ಚು, ಇನ್ಶೂರೆನ್ಸು, ಎಲ್ಲಕ್ಕಿಂತ ಹೆಚ್ಚಾಗಿ ಆಳುಗಳ ಕೂಲಿ.

ಊರಲ್ಲಿ ನಮ್ಮನೆ ಕಟ್ಟುವಾಗ ಅಪ್ಪನೇ ಸಿಮೆಂಟ್ ಮೂಟೆ ತರ್ಸೋರು, ಜಲ್ಲಿ ಲೋಡು ಬಂದಾಗ ಅವರೇ ನಿಂತು ಇಳಿಸ್ಕೊಳ್ಳೋರು, ಮೇಸ್ತ್ರಿಗೆ ವಾರದ ಬಟವಾಡೆ. ಎಷ್ಟು ಮೂಟೆ ಖರ್ಚಾಯ್ತು ಅನ್ನೋದು ಮನೇಲಿ ಎಲ್ಲರಿಗೂ ಗೊತ್ತಿರೋದು. ಇಲ್ಲಿ ಕೈಗೆ ಬರೋದು ಚದರಡಿಗೆ ಇಷ್ಟು ಅನ್ನೋ ಒಂದೇ ನಂಬರು, ಒಳಗೆ ಏನಿದೆ ಅಂತ ನಾವು ಕೇಳಲ್ಲ ಅವರು ಹೇಳಲ್ಲ. ಕೇಳಲೇಬೇಕು ಅಂತ ನಾನು ಹೇಳೋದು. ಯಾಕಂದ್ರೆ ರೇಟ್ ಇಳಿಸೋರು ಇಳಿಸೋದು ಕಣ್ಣಿಗೆ ಕಾಣದ ಕಡೆ. ನನಗೆ 9,600ಕ್ಕಿಂತ ಕಮ್ಮಿಗೆ ಮಾಡ್ಕೊಡ್ತೀನಿ ಅಂದ ಒಬ್ಬನ್ನ ಕೆಳಗೆ ಜಲ್ಲಿ ಎಷ್ಟು ಇಂಚು ಹಾಕ್ತೀರ ಅಂತ ಕೇಳಿದ್ರೆ ಹಳೇದು ಇದೆಯಲ್ಲ ಸಾಕು ಅಂದ. ಹಳೇದು ಸಾಕಾಗಿದ್ರೆ ಡಾಂಬರು ಯಾಕೆ ಕುಸೀತಿತ್ತು?

ನಮ್ಮ ಕಡೆಯವ್ರು ಇಲ್ಲಿ ಗಮನಿಸ್ಬೇಕಾದ ಇನ್ನೊಂದು ವಿಷಯ ಚಳಿ. ಊರಲ್ಲಿ ಕಾಂಕ್ರೀಟಿಗೆ ಬಿಸಿಲು ಶತ್ರು, ಅದಕ್ಕೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸ್ತೀವಿ, ಬೆಳಗ್ಗೆ ಸಂಜೆ ನೀರು ಹೊಡೀತೀವಿ. ಇಲ್ಲಿ ನೀರೇ ಶತ್ರು. ಒಳಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬುತ್ತೆ, ಕರಗುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ, ಒಂದು ಚಳಿಗಾಲದಲ್ಲಿ ಇದು ಎಷ್ಟೋ ಸಲ ನಡೆಯುತ್ತೆ. ಅದಕ್ಕೇ ಕಾಂಕ್ರೀಟ್ ಕಲಸುವಾಗಲೇ ಸಣ್ಣ ಸಣ್ಣ ಗಾಳಿ ಗುಳ್ಳೆ ಸೇರಿಸಿರ್ತಾರೆ, ಹೆಪ್ಪುಗಟ್ಟಿದ ನೀರು ಹಿಗ್ಗೋಕೆ ಜಾಗ ಇರ್ಲಿ ಅಂತ. 4000 ಪಿಎಸ್ಐ ಬಲ (ಚದರ ಇಂಚಿಗೆ 4000 ಪೌಂಡ್ ಒತ್ತಡ ತಡೆಯೋದು), ಗಾಳಿ ಸೇರಿಸಿದ ಮಿಕ್ಸು, ಇವೆರಡೂ ಕಾಗದದಲ್ಲಿ ಬರೆದಿರ್ಬೇಕು. ಹಾಕಿದ ಮೊದಲ ಚಳಿಗಾಲ ಅದರ ಮೇಲೆ ಉಪ್ಪು ಬೀಳಬಾರದು, ಜಾರಿದ್ರೆ ಮರಳು ಚೆಲ್ಲಿ. ಪರಿಚಯದವ್ರೊಬ್ರು ಮೊದಲ ಡಿಸೆಂಬರಲ್ಲೇ ಮೂಟೆಗಟ್ಟಲೆ ಉಪ್ಪು ಹಾಕಿ ಮಾರ್ಚಲ್ಲಿ ನೋಡಿದ್ರೆ ಮೇಲಿನ ಬಣ್ಣದ ಪದರ ಹಪ್ಪಳದ ಥರ ಎದ್ದು ಬರ್ತಿತ್ತು. ಸಾದಾ ಕಾಂಕ್ರೀಟಾದ್ರೆ ತೇಪೆ ಹಾಕಿ ಸುಮ್ಮನಾಗಬೋದು, ಬಣ್ಣದ್ದಕ್ಕೆ ಹಾಕಿದ ತೇಪೆ ದೂರದಿಂದಲೇ ಎದ್ದು ಕಾಣುತ್ತೆ.

ಬಿರುಕಿನ ವಿಷಯಾನೂ ಅಷ್ಟೇ. ಕಾಂಕ್ರೀಟ್ ಒಣಗಿದಾಗ ಕುಗ್ಗುತ್ತೆ, ಕುಗ್ಗಿದಾಗ ಒಡೆಯುತ್ತೆ, ಹತ್ತಡಿಗೆ ಒಂದರಂತೆ ದಪ್ಪದ ಕಾಲು ಭಾಗ ಆಳಕ್ಕೆ ಗೀರು ಕೊಯ್ದು ಇಲ್ಲೇ ಒಡಿ ಅಂತ ನಾವೇ ಜಾಗ ತೋರಿಸ್ಬೇಕು. ಕಲ್ಲಿನ ಡಿಸೈನ್ ಮೇಲೆ ಆ ಗೀರು ಅಡ್ಡ ಬಂದ್ರೆ ಚೆನ್ನಾಗಿ ಕಾಣಲ್ಲ ಅಂತ ಕೆಲವರು ಕಮ್ಮಿ ಹಾಕ್ತಾರೆ, ಆಮೇಲೆ ಅದು ತನಗೆ ಬೇಕಾದ ಕಡೆ ಬಿರುಕು ಬಿಡುತ್ತೆ. ಇನ್ನು ಎರಡು ಮೂರು ವರ್ಷಕ್ಕೊಂದು ಸಲ ಸೀಲರ್ (ನೀರು ಒಳಗೆ ಇಳಿಯದ ಹಾಗೆ ಮೇಲೆ ಬಳಿಯೋ ದ್ರವ) ಹೊಡೆಸ್ಬೇಕು. ನಮಗೆ ಹೇಳಿದ್ದು ಒಂದು ಸಲಕ್ಕೆ 800 ಡಾಲರ್, ಹತ್ತು ವರ್ಷದಲ್ಲಿ ಮೂರು ಸಲ ಅಂದ್ರೂ 2,400, ಈ ದುಡ್ಡು ಯಾರ ಕೊಟೇಶನ್ನಲ್ಲೂ ಇರಲಿಲ್ಲ.

ಕೊನೆಗೆ ನಾವು ಮಾಡಿದ್ದು ಏನಂದ್ರೆ ಕಾರು ನಿಲ್ಲೋ ಜಾಗ ಪೂರ್ತಿ ಸಾದಾ, ಅಲ್ಲಿಂದ ಬಾಗಿಲಿಗೆ ಬರೋ 80 ಚದರಡಿ ದಾರಿಗೆ ಮಾತ್ರ ಕಲ್ಲಿನ ಅಚ್ಚು. ಸಣ್ಣ ಕೆಲಸ ಅಂತ ಅದಕ್ಕೆ ಚದರಡಿಗೆ 20 ಡಾಲರ್ ತಗೊಂಡ್ರು, 1,600. ಡಾಂಬರು ಕಿತ್ತಿದ್ದೂ ಸೇರಿ ಒಟ್ಟು 8,760. ಕೆಲಸಕ್ಕೆ ಮುಂಚೆ 811ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ಲದೆ ಬಂದು ನೆಲದಲ್ಲಿ ಗ್ಯಾಸ್ ಪೈಪಿಗೆ ಹಳದಿ, ಕರೆಂಟಿಗೆ ಕೆಂಪು, ನೀರಿಗೆ ನೀಲಿ ಅಂತ ಗುರುತು ಹಾಕಿ ಹೋಗ್ತಾರೆ, ಈ ವ್ಯವಸ್ಥೆ ಬೆಂಗಳೂರಲ್ಲಿ ಇದ್ದಿದ್ರೆ ಅಂತ ಅವತ್ತು ತುಂಬಾ ಅನ್ನಿಸ್ತು.

ಅಚ್ಚು ಒತ್ತೋದನ್ನ ನಾನು ರಜ ಹಾಕಿ ಕೂತು ನೋಡಿದೆ. ಬೆಳಗ್ಗೆ ಆರೂವರೆಗೆ ಲಾರಿ ಬಂತು. ಸುರಿದು, ಮಟ್ಟ ಮಾಡಿ, ಹಿರಿಯ ಕೆಲಸಗಾರ ಒಬ್ರು ಐದೈದು ನಿಮಿಷಕ್ಕೆ ಬಂದು ಹೆಬ್ಬೆರಳು ಒತ್ತಿ ನೋಡ್ತಿದ್ರು, ಬೆರಳಿಗೆ ಮೆತ್ತಿಕೊಂಡ್ರೆ ಇನ್ನೂ ಹಸಿ, ಗುರುತು ಚೊಕ್ಕವಾಗಿ ಉಳಿದ್ರೆ ಹದ ಬಂತು. ಹದ ಬಂದಿದ್ದೇ ತಡ, ಅಚ್ಚು ಅಂಟದಿರ್ಲಿ ಅಂತ ಪುಡಿ ಎರಚಿ, ಅಚ್ಚಿನ ಮ್ಯಾಟ್ ಇಟ್ಟು, ಅದರ ಮೇಲೇ ಹತ್ತಿ ನಿಂತು ದಮ್ಮಸ್ ಹೊಡೆದು, ಪಕ್ಕಕ್ಕೆ ಇನ್ನೊಂದು ಇಟ್ಟು, ಮಾತೇ ಇಲ್ಲ. ತಡ ಆದ್ರೆ ಗಟ್ಟಿ ಆಗೋಗುತ್ತೆ, ಬೇಗ ಆದ್ರೆ ಅಚ್ಚು ಮುಳುಗುತ್ತೆ. ನಮ್ಮ ಮೇಸ್ತ್ರಿ ಕರಣೆ ತುದೀಲಿ ಗಾರೆ ಮುಟ್ಟಿ ನೋಡ್ತಿದ್ದದ್ದು ನೆನಪಾಯ್ತು. ಚದರಡಿಗೆ 20 ಡಾಲರ್ ಆ ಹೆಬ್ಬೆರಳಿಗೆ ಕೊಟ್ಟಿದ್ದು, ಅದರ ಬಗ್ಗೆ ನನಗೆ ಬೇಜಾರಿಲ್ಲ.

ಬೇಜಾರು ಇರೋದು ಊರಿನ ಬಗ್ಗೆ. ಈಗ ಬೆಂಗಳೂರಲ್ಲಿ, ಮೈಸೂರಲ್ಲಿ ಮನೆ ಕಟ್ಟಿಸೋ ಸ್ನೇಹಿತರು ನಿಮ್ಮ ಕಡೆ ಹಾಕ್ತಾರಲ್ಲ ಆ ಡಿಸೈನ್ ಕಾಂಕ್ರೀಟ್ ನಮಗೂ ಬೇಕು ಅಂತ ಫೋಟೋ ಕೇಳ್ತಾರೆ. ಇಲ್ಲಿನವ್ರು ಕಾಂಕ್ರೀಟನ್ನ ಕಲ್ಲಿನ ಹಾಗೆ ಮಾಡ್ಸೋದು ನಿಜವಾದ ಕಲ್ಲು ಹಾಸ್ಸೋಕೆ ಇದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ ಅಂತ. ನಿಮಗೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಇದೆ, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇದೆ, ಹಾಸೋ ಕೈಗಳೂ ಇನ್ನೂ ಇದ್ದಾವೆ. ಕಲ್ಲಿಗೆ ಸೀಲರ್ ಬೇಕೇ ಬೇಕು ಅಂತಿಲ್ಲ, ಒಂದು ಒಡೆದ್ರೆ ಅದೊಂದನ್ನೇ ಎತ್ತಿ ಬೇರೆ ಇಡಬೋದು, ಸಂದಿಯಲ್ಲಿ ಸಿಮೆಂಟ್ ತುಂಬದೆ ಬಿಟ್ರೆ ಮಳೆ ನೀರೂ ನೆಲಕ್ಕೆ ಇಳಿಯುತ್ತೆ. ಅಜ್ಜನ ಕಾಲದ ಚಪ್ಪಡಿ ಕಿತ್ತು ಅದರ ಜಾಗಕ್ಕೆ ಚಪ್ಪಡಿಯ ಅಚ್ಚು ಒತ್ಸಬೇಡಿ ದಯವಿಟ್ಟು.

ಅಮ್ಮ ಮಾತ್ರ ಕೊಟೇಶನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ, "ಅಷ್ಟು ಉಬ್ಬುತಗ್ಗು ಇದ್ರೆ ರಂಗೋಲಿ ಎಳೆ ನಿಲ್ಲುತ್ತೇನೋ?" ನಿಲ್ಲಲ್ಲ. ಹಾಗಾಗಿ ಬಾಗಿಲ ಮುಂದೆ, ಸೂರಿನ ಕೆಳಗೆ, ಮೂರಡಿಗೆ ಮೂರಡಿ ಸಾದಾ ಬಿಡಿ ಅಂತ ಆ ಹಿರಿಯರಿಗೆ ಹೇಳಿದೆ, ಯಾಕೆ ಅಂತ ಫೋನಲ್ಲಿ ಫೋಟೋ ತೋರಿಸಿದ ಮೇಲೆ ಅವರೇ ಕೂತು ಅಷ್ಟು ಜಾಗಾನ ಇನ್ನೊಂದು ಸಲ ನಯ ಮಾಡಿಕೊಟ್ರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಅಮ್ಮ ಮೇ ತಿಂಗಳಿಗೆ ಬರ್ತಿದ್ದಾರೆ, ರಂಗೋಲಿ ಪುಡಿ ಈಗಲೇ ಕಟ್ಟಿ ಇಟ್ಟಿದ್ದಾರಂತೆ.