ಕೌನ್ಸಿಲ್ ಓಟು ಬೇರೆ, ಬ್ರೆಕ್ಸಿಟ್ ಓಟು ಬೇರೆ

2019ರ ಮೇ 2ರ ಇಂಗ್ಲೆಂಡ್ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯಲ್ಲಿ ಯುರೋಪಿಯನ್ ಯೂನಿಯನ್‌ನಲ್ಲೇ ಉಳಿಯಬೇಕು ಅನ್ನುತ್ತಿದ್ದ ಲಿಬರಲ್ ಡೆಮಾಕ್ರಟ್‌ಗಳಿಗೆ 700ಕ್ಕೂ ಜಾಸ್ತಿ ಸೀಟು ಹೆಚ್ಚಾಯಿತು, ಹಾಗಾಗಿ ಜನಕ್ಕೆ ಬ್ರೆಕ್ಸಿಟ್ (ಬ್ರಿಟನ್ ಆ ಯೂನಿಯನ್ ಬಿಟ್ಟು ಬರುವುದು) ಬೇಡವಾಗಿತ್ತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆಗ ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷ 1,300ಕ್ಕೂ ಹೆಚ್ಚು ಸೀಟು ಕಳೆದುಕೊಂಡಿದ್ದು ನಿಜ. ಆದರೆ ಮಾರ್ಚ್ 29ಕ್ಕೆ ಯುರೋಪಿಯನ್ ಯೂನಿಯನ್‌ನಿಂದ ಹೊರಬರುತ್ತೇವೆ ಅಂತ ಹೇಳಿ ಬರದೇ ಹೋದರಲ್ಲ, ಅದಕ್ಕೆ ಸಿಟ್ಟಾಗಿ ಕೈಬಿಟ್ಟವರೂ ಇದ್ದರು ಅಲ್ವಾ? ಹೊರಬರಲೇಬೇಕು ಅನ್ನುತ್ತಿದ್ದ ನೈಜೆಲ್ ಫರಾಜ್ ಅವರ ಬ್ರೆಕ್ಸಿಟ್ ಪಾರ್ಟಿ ಅವತ್ತು ಕಣದಲ್ಲೇ ಇರಲಿಲ್ಲ. ಮೂರೇ ವಾರಕ್ಕೆ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆ ಬಂತು, ಅದೇ ಪಾರ್ಟಿ ಬ್ರಿಟನ್‌ನಲ್ಲಿ 29 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂತು! ಲಂಡನ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಂತೂ ಮೇ 2ಕ್ಕೆ ಕೌನ್ಸಿಲ್ ಚುನಾವಣೆಯೇ ಇರಲಿಲ್ಲ. ಓಟು ಹಾಕಿದ ಊರುಗಳಲ್ಲೂ ರಸ್ತೆ ಗುಂಡಿ, ಕಸ, ವಯಸ್ಸಾದವರ ಆರೈಕೆಗೆ ಕೌನ್ಸಿಲ್ ದುಡ್ಡು ಸಾಲುತ್ತಿಲ್ಲ ಅನ್ನುವ ಸಂಕಟ ಇತ್ತು, ನಿಮ್ಮ ಲೇಖನದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.